ಕುರ್ಚಿ ಇಲ್ಲದ ವಾರ್ಡಿನಲ್ಲಿ ಕುಬಸ

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನೂ ನರ್ಸ್ ಆದೆ. ಜಿಲ್ಲೆಗೆ ಮೆರವಣಿಗೆ, ಪಟಾಕಿ, ಭಾಷಣ ಎಲ್ಲ ಸಿಕ್ಕವು. ನನಗೆ ಸಿಕ್ಕದ್ದು ಬಿಳಿ ಸೀರೆ, ಬಿಳಿ ಚಪ್ಪಲಿ ಮತ್ತು ಗಂಗಾವತಿಯ ಒಂದು ಖಾಸಗಿ ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ಕೆಲಸ. ಹೆಚ್ಚು ಖುಷಿಪಟ್ಟದ್ದು ಜಿಲ್ಲೆಯೋ ನಾನೋ ಎಂದು ಕೇಳಿದರೆ, ನಾನೇ.

ನನ್ನ ತವರು ಯಲಬುರ್ಗಾ ಕಡೆಯ ಮಂಗಳೂರು. ಹೆಸರು ಕೇಳಿದ ಕೂಡಲೇ ಕಡಲು, ಮೀನು ಎಂದು ಬಾಯಿ ತೆರೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮಂಗಳೂರಿನಲ್ಲಿರುವುದು ಎರೆ ಹೊಲ, ಬಿಳಿಜೋಳ ಮತ್ತು ಯಾರ ಮಾತಿಗೂ ಸೊಪ್ಪು ಹಾಕದ ಹೆಂಗಸರು. ಏಳನೇ ಇಯತ್ತೆ ಮುಗಿದಾಗ ನನ್ನನ್ನು ಸಾಲೆ ಬಿಡಿಸಿ ಮದುವೆ ಮಾಡುವ ಮಾತು ಮನೆಯಲ್ಲಿ ಎದ್ದಿತ್ತು. ನಾನು ಊಟ ಬಿಟ್ಟು ಕುಳಿತೆ. ಅವ್ವ ಸೋತಳು, ನಾನು ಓದಿದೆ. ಹಟ ಮಾಡಿ ಗಳಿಸಿದ ಕೆಲಸ ಅದು. ಯಾರಾದರೂ ‘ಬಿಟ್ಟುಬಿಡು’ ಎಂದರೆ ನನಗೆ ಮೈಯೆಲ್ಲ ಉರಿಯುವುದು ಇದಕ್ಕೇ.

ಮದುವೆಯಾಗಿದ್ದು ಗಂಗಾವತಿಗೇ. ಗಂಡನದು ಕೆಟ್ಟ ಪಂಪುಸೆಟ್ಟುಗಳ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಹುಟ್ಟಿ ಬೆಳೆದದ್ದು ಕುಷ್ಟಗಿಯಲ್ಲಿ. ಆ ಊರಲ್ಲಿ ನೀರಿಗೆ ಬರ ಇತ್ತೇನೋ, ಅತ್ತೆಯ ಬಾಯಲ್ಲಿ ಮಾತಿಗೆ ಎಂದೂ ಬರ ಬಂದದ್ದಿಲ್ಲ.

ದವಾಖಾನೆಯ ನೌಕರಿಯಲ್ಲಿ ಸುಖವೇ ಇರಲಿಲ್ಲ ಎಂದರೆ ಬಾಯಲ್ಲಿ ಹುಳ ಬೀಳುತ್ತದೆ. ಓಣಿಯಲ್ಲಿ ನನ್ನ ಹೆಸರು ಮರೆತೇಹೋಗಿ ‘ಸಿಸ್ಟರಕ್ಕ’ ಆಗಿದ್ದೆ. ಪ್ರತಿ ಹೆರಿಗೆಯ ಮರುದಿನ ಪೇಢೆ ಬರುತ್ತಿತ್ತು. ನಮ್ಮ ಡ್ಯೂಟಿಯಲ್ಲಿ ಬಾಯಿ ಸಿಹಿಯಾಗದ ವಾರವೇ ಇರಲಿಲ್ಲ. ಅಪ್ಪನಿಗೆ ಹರ್ನಿಯಾ ಆಪರೇಷನ್ ಆದಾಗ ನರ್ಸಿಂಗ್ ಹೋಮಿನ ಮಾಲೀಕರಾದ ಡಾಕ್ಟರು ತಮ್ಮ ತಂದೆಯನ್ನು ನೋಡಿಕೊಂಡಂತೆ ನೋಡಿಕೊಂಡರು. ಅಪ್ಪ ಸ್ಪೆಷಲ್ ರೂಮಿನ ಮಂಚದ ಮೇಲೆ ಕಾಲು ಚಾಚಿ, ಬಂದವರಿಗೆಲ್ಲ ‘ಇದು ನನ್ನ ಮಗಳ ದವಾಖಾನಿ’ ಎಂದು ಹೇಳಿಕೊಂಡ. ಡಾಕ್ಟರು ಅದನ್ನು ಕೇಳಿಸಿಕೊಂಡು ನಕ್ಕರೇ ಹೊರತು ತಿದ್ದಲಿಲ್ಲ.

ಒಮ್ಮೆ ಹುಲಿಗಿಯಿಂದ ಬರುವ ಬಸ್ಸಿನಲ್ಲಿ, ಹುಣ್ಣಿಮೆಯ ಗದ್ದಲದಲ್ಲಿ, ಕಂಬಿ ಹಿಡಿದು ನಿಂತಿದ್ದೆ. ಹಣೆ ತುಂಬ ಭಂಡಾರ ಬಳಿದುಕೊಂಡಿದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತು ನನ್ನನ್ನು ತನ್ನ ಸೀಟಿಗೆ ತಳ್ಳಿ, ತನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿದಳು. “ಕುಂದರ್ರಿ ಸಿಸ್ಟರಕ್ಕಾರ. ಇವ ನೀವ ಹಡಿಸಿದ ಕೂಸು. ಗುರ್ತ ಹತ್ತಲಿಲ್ಲೇನ್ರಿ?” ಎಂದಳು. ಗುರುತು ಹತ್ತಲಿಲ್ಲ. ಎಷ್ಟೋ ಕೂಸುಗಳು ಕೈಯಲ್ಲಿ ಹಾದುಹೋಗಿದ್ದವು. ಆದರೂ ಗಂಗಾವತಿ ಬರುವವರೆಗೆ ಅವನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಅಂಥ ಸಂತೋಷವನ್ನು ಯಾವ ಪಗಾರವೂ ಕೊಡುವುದಿಲ್ಲ, ನಿಜ. ಅದಕ್ಕೇ ಪಗಾರ ಕೊಡುವವರು ಆ ಸಂತೋಷದ ಬೆಲೆಯನ್ನೂ ಪಗಾರದಲ್ಲೇ ಮುರಿದುಕೊಳ್ಳುತ್ತಾರೆ.

ಇನ್ನು ಕಷ್ಟ. ಓಣಿಯ ಕೆಮ್ಮು, ನೆಗಡಿ, ಕುರು, ಚೇಳು ಕಡಿತ ಎಲ್ಲ ಮೊದಲು ನಮ್ಮ ಮನೆಯ ಕಟ್ಟೆ ಹತ್ತುತ್ತಿದ್ದವು. ನಾನು ರೊಟ್ಟಿ ಬಡಿಯುತ್ತಿದ್ದರೆ ಯಾರೋ ಸೂಜಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಬೀಗರ ಮದುವೆಯಲ್ಲಿ ಎಲೆ ಮುಂದೆ ಕುಳಿತಾಗಲೂ ಪಕ್ಕದವರು ತಮ್ಮ ಮೂಲವ್ಯಾಧಿಯ ವರ್ಣನೆ ತೆಗೆಯುತ್ತಿದ್ದರು. ನನಗೇ ಜ್ವರ ಬಂದರೆ ಮಾತ್ರ ‘ನೀನ ನರ್ಸ್, ನಿನಗೇನು’ ಎಂಬ ಮಾತು. ಇದೆಲ್ಲ ಸಹಿಸಿಕೊಳ್ಳಬಹುದಿತ್ತು, ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ನಿಲ್ಲುವುದು.

ನಾನು ಸೇರಿದಾಗ ವಾರ್ಡಿನ ಎದುರಿನ ಪಡಸಾಲೆಯಲ್ಲಿ ನರ್ಸುಗಳಿಗೆಂದು ಒಂದು ಮೇಜು, ಎರಡು ಕುರ್ಚಿ ಇದ್ದವು. ಆಮೇಲೆ ಹೊಸ ಮ್ಯಾನೇಜರ್ ಬಂದರು. ಅದಕ್ಕೂ ಮೊದಲು ಅವರು ಒಂದು ರೈಸ್ ಮಿಲ್ಲಿನಲ್ಲಿ ಹಮಾಲರ ಮೇಲೆ ಕಣ್ಣಿಡುವ ಕೆಲಸ ಮಾಡುತ್ತಿದ್ದರು. ಅಲ್ಲಿ ಕುಳಿತವನು ಕೆಲಸಗಳ್ಳ. ಆ ಲೆಕ್ಕವನ್ನೇ ನಮ್ಮ ವಾರ್ಡಿಗೂ ಹೊತ್ತು ತಂದರು. ಒಬ್ಬ ಶ್ರೀಮಂತ ರೋಗಿಯ ಕಡೆಯವರು ‘ಸಿಸ್ಟರುಗಳು ಆರಾಮ ಕುಂತಿರ್ತಾರ’ ಎಂದದ್ದೇ ಅವರಿಗೆ ನೆಪವಾಯಿತು. ಎರಡೂ ಕುರ್ಚಿಗಳು ರೋಗಿಗಳು ಕಾಯುವ ಜಾಗಕ್ಕೆ ಹೋದವು.

“ಸರ್ ಹೇಳ್ಯಾರ್ರಿ. ಡ್ಯೂಟಿ ಒಳಗ ಸಿಸ್ಟರುಗಳು ಕುಂದರೂದು ಚಂದ ಕಾಣಂಗಿಲ್ಲ” ಎಂದರು ಮ್ಯಾನೇಜರ್. ಸರ್ ಹೇಳಿರಲಿಲ್ಲ. ಇವರು ಮಾಡಿದರು, ಸರ್ ಸುಮ್ಮನಿದ್ದರು, ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ದೇವರೂ ಕಣ್ಣು ಮುಚ್ಚಿಕೊಂಡಿದ್ದ.

ಹೀಗೆ ನಾವು ನಿಂತೆವು. ಸಲೈನ್ ಹಾಕುವಾಗ ನಿಲ್ಲುವುದು ಕೆಲಸ, ಅದಕ್ಕೆ ತಕರಾರಿಲ್ಲ. ಆದರೆ ಸಲೈನ್ ಹನಿಯುವುದನ್ನು ನೋಡುತ್ತಲೂ ನಿಲ್ಲಬೇಕು, ಬರೆಯುವಾಗಲೂ ನಿಲ್ಲಬೇಕು, ಏನೂ ಇಲ್ಲದಾಗಲೂ ಗೋಡೆಗೆ ಒರಗದೆ ನಿಲ್ಲಬೇಕು. ನನಗಿಂತ ಹಿರಿಯಳಾದ ಜೊತೆಯ ನರ್ಸಿನ ಮೀನಖಂಡದಲ್ಲಿ ನರಗಳು ಹಗ್ಗದಂತೆ ಗಂಟುಗಂಟಾಗಿ ಎದ್ದಿದ್ದವು. ಅವಳು ಸೀರೆಯ ನೆರಿಗೆ ಇಳಿಬಿಟ್ಟು ಅದನ್ನು ಮುಚ್ಚಿಕೊಳ್ಳುತ್ತಿದ್ದಳು. ನಾಚಿಕೆ ಪಡಬೇಕಾದವರು ಯಾರೋ, ಪಡುತ್ತಿದ್ದವಳು ಅವಳು.

ಹಾಗಿರುವಾಗಲೇ ನಾನು ಮೊದಲ ಸಲ ಬಸುರಿಯಾದೆ. ಆ ಮಳೆಗಾಲದಲ್ಲಿ ವಾಂತಿಭೇದಿ ಎದ್ದು, ಹೆರಿಗೆ ವಾರ್ಡಿನವರೂ ಸಲೈನ್ ಹಾಕಲು ಓಡಾಡಬೇಕಾಯಿತು. ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹೊಟ್ಟೆ ಹಿಂಡಿದಂತಾಯಿತು. ಸಂಜೆಯೊಳಗೆ ಎಲ್ಲ ಮುಗಿದುಹೋಯಿತು. ನಿಂತದ್ದಕ್ಕೇ ಕೂಸು ಹೋಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ನಾನೂ ನರ್ಸ್, ಕಾರಣವಿಲ್ಲದೆಯೂ ಹೋಗುತ್ತವೆ ಎಂದು ಗೊತ್ತು. ಆದರೆ ನಿಂತದ್ದಕ್ಕಲ್ಲ ಎಂದು ಆಣೆ ಮಾಡಿ ಹೇಳಲು ಕುರ್ಚಿ ತೆಗೆಸಿದವರಿಗೂ ಆಗುವುದಿಲ್ಲ. ಡಾಕ್ಟರೇ ಉಪಚಾರ ಮಾಡಿದರು, ಬಿಲ್ ಮಾಡಿಸಲಿಲ್ಲ. ‘ನಮ್ಮ ಸ್ಟಾಫಿಗೆ ಎಂಥಾ ಬಿಲ್ರಿ’ ಎಂದು ಮ್ಯಾನೇಜರ್ ನನ್ನ ಗಂಡನಿಗೆ ಹೇಳಿದರಂತೆ. ಆ ಉಪಕಾರವನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಮತ್ತೆ ಬಸುರಿಯಾಗುವ ಹೊತ್ತಿಗೆ ಎರಡು ಬೇಸಿಗೆ ಕಳೆದಿದ್ದವು. ಅತ್ತೆಗೆ ಹೇಳಿದ ದಿನವೇ ಅವರು ನನ್ನ ಬಿಳಿ ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದರು.

“ಇನ್ನ ಸಾಕವಾ. ಒಂದ ಕಳಕೊಂಡೀವಿ. ಕೆಲಸಾ ಬಿಡು.”

“ಬಿಡೂದಿಲ್ರಿ ಅತ್ತಿ.”

“ಕೂಸು ಬೇಕೋ, ಕೆಲಸಾ ಬೇಕೋ?”

“ಎರಡೂ ಬೇಕ್ರಿ.”

ಅತ್ತೆ ನನ್ನ ಮುಖವನ್ನೇ ನೋಡಿದರು. “ಭಾಳ ಸೊಕ್ಕಿನಾಕಿ ಅದೀ” ಎಂದರು. ನಾನು ಟ್ರಂಕು ತೆರೆದು ಸೀರೆ ಹೊರತೆಗೆದೆ. ಕೂಸಿಗಾಗಿ ಕೆಲಸ ಬಿಡು ಎನ್ನುವವರಿಗೆ ಕೂಸು ಬೇಕಿರುತ್ತದೆ, ನಾನು ಏನಾದರೂ ನಡೆದೀತು. ನನಗೆ ನಾನೂ ಬೇಕಾಗಿದ್ದೆ. ಇದನ್ನು ಬಾಯಿಬಿಟ್ಟು ಹೇಳಿದರೆ ಸೊಕ್ಕು ಎನ್ನುತ್ತಾರೆ. ಅನ್ನಲಿ.

ಆದರೆ ಹೆದರಿಕೆ ಇತ್ತು. ಸುಳ್ಳು ಯಾಕೆ ಹೇಳಲಿ, ದಿನಾ ಹೆದರುತ್ತಿದ್ದೆ. ಸ್ವಲ್ಪ ಸೊಂಟ ಹಿಡಿದರೂ ಆ ಮಧ್ಯಾಹ್ನ ನೆನಪಾಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಡಾಕ್ಟರ ಮುಂದೆ ನಿಂತು ಕೇಳಿದೆ: “ಸರ್, ನಮ್ಮ ಪಡಸಾಲ್ಯಾಗ ಒಂದ ಕುರ್ಚಿ ಹಾಕಸ್ರಿ. ಕೆಲಸಾ ಬಿಟ್ಟ ಕುಂದರಂಗಿಲ್ರಿ. ಕೆಲಸ ಇಲ್ಲದಾಗ ಕುಂದರ್ತೀವಿ.”

ಅವರು ಕೆಟ್ಟವರಲ್ಲ. ಕೈಗುಣ ಒಳ್ಳೆಯದು, ಬಡವರನ್ನು ಹೊರಗೆ ಕಳಿಸಿದವರಲ್ಲ. ಪೆನ್ನಿನ ಟೊಪ್ಪಿಗೆ ತಿರುವುತ್ತ, “ಮ್ಯಾನೇಜರ್ ಕಡೆ ಮಾತಾಡ್ರಿ ಸಿಸ್ಟರ್” ಎಂದರು. ಮ್ಯಾನೇಜರ್ ಕಡೆ ಮಾತಾಡಿದೆ. “ನಿಮಗ ಕೊಟ್ಟರ ನಾಳೆ ಎಲ್ಲಾರೂ ಕೇಳ್ತಾರ್ರಿ” ಎಂದರು. ಎಲ್ಲರಿಗೂ ಕಾಲು ಇವೆಯಲ್ಲ, ಕೇಳುತ್ತಾರೆ ಎಂದು ಅಂದುಬಿಟ್ಟೆ. ಅಂದಿನಿಂದ ಅವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಇನ್ನೂ ನಗು ಬರುವ ಮಾತೆಂದರೆ, ಬಸುರಿಯರನ್ನು ಡಾಕ್ಟರು ನೋಡಿದ ಮೇಲೆ ಅವರಿಗೆ ತಿಳಿಸಿ ಹೇಳುವ ಕೆಲಸ ನನ್ನದೇ. ಕನಕಗಿರಿಯಿಂದ ಬಂದ ಒಬ್ಬಳಿಗೆ, ಕಾಲು ಬಾತಿದ್ದಕ್ಕೆ, ಹೇಳುತ್ತಿದ್ದೆ: “ಭಾಳ ಹೊತ್ತ ನಿಂದರಬ್ಯಾಡವಾ. ಆಗಾಗ ಕುಂದ್ರು. ಕಾಲ ಮ್ಯಾಲೆ ಇಟ್ಕೊಂಡು ಕುಂದ್ರು.” ಅವಳು ನನ್ನ ಹೊಟ್ಟೆ ನೋಡಿದಳು, ನನ್ನ ಕಾಲು ನೋಡಿದಳು. “ಮತ್ತ ನೀವ್ಯಾಕ ನಿಂತೀರಿ ಯಕ್ಕಾ?” ಎಂದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದರೆ ಇದೇ. ಅವಳಿಗೆ ಗುಳಿಗೆ ಕೊಟ್ಟು ಕಳಿಸಿದೆ.

ಐದನೇ ತಿಂಗಳಲ್ಲಿ ಅತ್ತೆ ಮನೆಯ ಮಟ್ಟಿಗೆ ಕಳ್ಳ ಕುಬಸ ಮಾಡಿ ಮುಗಿಸಿದರು. ಯಾರ ಕಣ್ಣೂ ಬೀಳದಿರಲೆಂದು ಬಸುರಿಗೆ ಗುಟ್ಟಾಗಿ ಹಸಿರು ಖಣದ ಕುಪ್ಪಸ ತೊಡಿಸಿ, ಉಡಿ ತುಂಬುವ ಪದ್ಧತಿ ಅದು. ಆ ತಿಂಗಳು ದಾಟಿತು. ನಾನು ಒಬ್ಬಳೇ ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟೆ. ಖುಷಿಗೆ ಅತ್ತದ್ದು. ಏಳನೇ ತಿಂಗಳಿಗೆ ದೊಡ್ಡ ಕುಬಸ: ತವರಿನವರು ಬುತ್ತಿ ಕಟ್ಟಿಕೊಂಡು ಬಂದು, ಹತ್ತು ಮಂದಿಯ ಎದುರು ಕೂಡಿಸಿ, ಹಾಡು ಹೇಳಿ ಆರತಿ ಮಾಡುವುದು. ಸೋಮವಾರ ಎಂದು ಗೊತ್ತಾಯಿತು. ಒಂದು ದಿನದ ರಜೆ ಕೇಳಿದೆ. ಆಗಷ್ಟೇ ಒಬ್ಬ ನರ್ಸ್ ಕೆಲಸ ಬಿಟ್ಟಿದ್ದಳು. ಸೋಮವಾರ ಬಸುರಿಯರ ತಪಾಸಣೆಯ ದಿನ ಬೇರೆ. ಮ್ಯಾನೇಜರ್ ರಜೆ ಇಲ್ಲ ಎಂದರು. ಬೇಕಾದರೆ ಪೂರ್ತಿ ರಜೆ ತಗೊಂಡು ಮನೆಯಲ್ಲೇ ಇರ್ರಿ ಎಂದರು.

ಮನೆಗೆ ಬಂದು ಹೇಳಿದೆ. ಅತ್ತೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಊಟ ಮುಗಿಸಿದರು. ಕೈ ತೊಳೆದು ಬಂದು, “ಸೋಮಾರ ನೀ ಡ್ಯೂಟಿಗೆ ಹೋಗು” ಎಂದರು, ಅಷ್ಟೇ. ಸೋಲೊಪ್ಪಿಕೊಂಡರು ಎಂದು ನನಗೆ ಬೇಜಾರೇ ಆಯಿತು.

ಸೋಮವಾರ ಬೆಳಿಗ್ಗೆ ಕಾಯುವ ಜಾಗದಲ್ಲಿ ಬಸುರಿಯರು ಕಿಕ್ಕಿರಿದಿದ್ದರು. ಡಾಕ್ಟರು ಒಳಗೆ ಸಿಜೇರಿಯನ್ ಮಾಡುತ್ತಿದ್ದರು. ನಾನು ಪಡಸಾಲೆಯಲ್ಲಿ ನಿಂತು ಒಬ್ಬಳ ಬಿ.ಪಿ. ನೋಡುತ್ತಿದ್ದೆ. ಹೊರಗೆ ಟೆಂಪೋ ನಿಂತ ಸದ್ದಾಯಿತು. ಮೊದಲು ಬಂದದ್ದು ಶೇಂಗಾ ಹೋಳಿಗೆಯ ವಾಸನೆ, ಆಮೇಲೆ ಅವ್ವ, ಅವಳ ಹಿಂದೆ ಮಂಗಳೂರಿನ ಹೆಂಗಸರು, ತಲೆ ಮೇಲೆ ಬುತ್ತಿಯ ಬುಟ್ಟಿಗಳು. ಎಲ್ಲರಿಗಿಂತ ಮುಂದೆ, ಆರತಿ ತಟ್ಟೆ ಹಿಡಿದು, ಅತ್ತೆ.

“ಸೊಸಿಗೆ ರಜಾ ಕೊಡಲಿಲ್ಲಂದ್ರ ಏನಾತು? ಕುಬಸಕ್ಕ ಕಾಲ ಅದಾವು, ಅದ ನಡಕೊಂತ ಬಂತು” ಎಂದರು ಅತ್ತೆ, ಕಾಯುವವರಿಗೆಲ್ಲ ಕೇಳುವಂತೆ.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಕೆಲಸ ಹೋಯಿತು ಎಂದು ಖಾತ್ರಿಯಾಯಿತು. “ಅತ್ತೀ, ಇದು ದವಾಖಾನಿರಿ. ಒಳಗ ಬಾಣಂತೇರ ಅದಾರ, ಎಳೆ ಕೂಸು ಅದಾವು” ಎಂದೆ. “ಒಳಗ ಯಾರ ಹೊಂಟಾರ? ನಾವು ಪಡಸಾಲ್ಯಾಗ ಮಾಡ್ತೀವಿ. ಬಾಗಲಾ ಹಾಕಸು” ಎಂದರು. ಜೊತೆಯ ನರ್ಸ್ ನಗುತ್ತಲೇ ಹೋಗಿ ವಾರ್ಡಿನ ಬಾಗಿಲು ಮುಚ್ಚಿ ಬಂದಳು.

ಆಗ ಕುರ್ಚಿಯ ಪ್ರಶ್ನೆ ಬಂತು. ಕುಬಸದ ಹೆಣ್ಣುಮಗಳನ್ನು ಕೂಡಿಸದೆ ಕುಬಸ ಆಗುವುದಿಲ್ಲ. ಅತ್ತೆ ಸುತ್ತ ನೋಡಿದರು. ಕಾಯುವ ಜಾಗದ ಕುರ್ಚಿಗಳ ತುಂಬ ಬಸುರಿಯರು. ಇಬ್ಬರು ಮೂವರು ಏಳಲು ಹೊರಟರು. “ಕುಂದರ್ರೆವಾ, ಕುಂದರ್ರಿ. ಬಸುರೇರ್ನ ಎಬ್ಬಿಸಿ ಬಸುರೀನ ಕುಂದರಸ್ತಾರೇನು?” ಎಂದು ಅತ್ತೆ ಅವರನ್ನು ಗದರಿದರು. ಓಡಿಬಂದ ಮ್ಯಾನೇಜರಿಗೆ, “ಒಂದ ಕುರ್ಚಿ ಕೊಡ್ರೆಪ್ಪಾ” ಎಂದರು. “ಇಲ್ಲಿ ಕುರ್ಚಿ ಇಲ್ರಿ, ಇದೆಲ್ಲಾ ಇಲ್ಲಿ ನಡಿಯಂಗಿಲ್ರಿ” ಎಂದರು ಅವರು.

ಅತ್ತೆ ಆರತಿ ತಟ್ಟೆಯನ್ನು ಅವ್ವನ ಕೈಗೆ ಕೊಟ್ಟರು. ನೆಟ್ಟಗೆ ಡಾಕ್ಟರ ಕೋಣೆಗೆ ನುಗ್ಗಿದರು. ಹೊರಬಂದಾಗ ಅವರ ಮುಂದೆ ಡಾಕ್ಟರ ಗಾಲಿ ಕುರ್ಚಿ ಉರುಳುತ್ತಿತ್ತು: ಕರಿ ರೆಕ್ಸಿನ್ನಿನದು, ಎತ್ತರದ ಬೆನ್ನಿನದು, ಗರಗರ ತಿರುಗುವಂಥದು. ಇಡೀ ನರ್ಸಿಂಗ್ ಹೋಮಿನಲ್ಲಿ ಅದನ್ನು ಮುಟ್ಟಿದವರಿರಲಿಲ್ಲ. ಧೂಳು ಒರೆಸುವ ಆಯಾ ಕೂಡ ಅದರ ಮುಂದೆ ಸ್ವಲ್ಪ ಬಗ್ಗಿಯೇ ಒರೆಸುತ್ತಿದ್ದಳು. ಅತ್ತೆ ನನ್ನ ಭುಜ ಹಿಡಿದು ಅದರ ಮೇಲೆ ಒತ್ತಿ ಕೂಡಿಸಿದರು.

ಕುಳಿತ ಕ್ಷಣ ನನಗೆ ಮೊದಲು ಅನಿಸಿದ್ದು ಹೆದರಿಕೆಯಲ್ಲ. ‘ಅಬ್ಬಾ, ಎಷ್ಟು ಮೆತ್ತಗಿದೆ’ ಎಂದು. ಆಮೇಲೆ ಸಿಟ್ಟು ಬಂತು. ಇಂಥದ್ದರ ಮೇಲೆ ಕುಳಿತವರು ನಮಗೆ ಕಟ್ಟಿಗೆಯ ಕುರ್ಚಿಯನ್ನೂ ಕೊಡದೆ ಹೋದರಲ್ಲ ಎಂದು ಕಣ್ಣು ತುಂಬಿತು. ಹೆಂಗಸರು ಅದನ್ನು ತವರಿನ ನೆನಪು ಎಂದುಕೊಂಡು ಸಮಾಧಾನ ಮಾಡಿದರು.

ಬಿಳಿ ಸೀರೆಯ ಮೇಲೆಯೇ ಹಸಿರು ಸೀರೆ ಹೊದಿಸಿದರು. ಹಸಿರು ಬಳೆ ಇಟ್ಟರು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಖಣ ಬಿದ್ದವು. ಮಂಗಳೂರಿನ ಹೆಂಗಸರು ಸೋಬಾನ ಎತ್ತಿಕೊಂಡರು. ಕಾಯುತ್ತಿದ್ದ ಬಸುರಿಯರಲ್ಲಿ ಹಾಡು ಬಲ್ಲವರೂ ದನಿ ಕೂಡಿಸಿದರು. ಕಾರಟಗಿ ಕಡೆಯ ಒಬ್ಬ ತೆಲುಗು ಅಜ್ಜಿ ಹಾಡು ಬರದಿದ್ದರೂ ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಥಿಯೇಟರಿನ ಬಾಗಿಲು ತೆರೆದು ಡಾಕ್ಟರು ಬಂದರು, ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಇನ್ನೂ ಕೆಳಗೆಳೆಯುತ್ತ. ಹಾಡು ನಿಂತಿತು. ಅವರು ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಮ್ಯಾನೇಜರಿಗೆ ತನ್ನ ಸ್ವಾಮಿನಿಷ್ಠೆ ತೋರಿಸುವ ಅವಸರ. “ಏಳ್ರಿ ಸಿಸ್ಟರ್, ಸರ್ ಕುರ್ಚಿ ಅದು, ಏಳ್ರಿ” ಎನ್ನುತ್ತ ಬಂದು ಕುರ್ಚಿಯ ಬೆನ್ನಿಗೆ ಕೈ ಹಾಕಿ ಎಳೆದರು. ಗಾಲಿ ಜರುಗಿತು, ನಾನು ವಾಲಿದೆ, ಉಡಿಯಿಂದ ಅಕ್ಕಿ ನೆಲಕ್ಕೆ ಚೆಲ್ಲಿತು.

ಉಡಿಯಕ್ಕಿ ನೆಲಕ್ಕೆ ಬಿದ್ದದ್ದು ನಮ್ಮ ಕಡೆಯ ಹೆಂಗಸರಿಗೆ ಎಂಥ ಸಂಕಟ ಎಂಬುದು ಆ ಮನುಷ್ಯನಿಗೆ ಗೊತ್ತಿಲ್ಲದೇ ಇರಲಿಲ್ಲ. ಅವನೂ ಇಲ್ಲಿಯವನೇ, ಅವನ ಮನೆಯಲ್ಲೂ ಕುಬಸ ಆಗಿರುತ್ತವೆ. ಆದರೆ ದವಾಖಾನೆಯ ಹೊಸ್ತಿಲೊಳಗೆ ಅದೆಲ್ಲ ಲೆಕ್ಕಕ್ಕಿಲ್ಲ ಎಂದುಕೊಂಡಿದ್ದ, ಅದೇ ಅವನ ತಪ್ಪು. ಪಡಸಾಲೆಯಲ್ಲಿ ಒಮ್ಮೆಗೇ ಗದ್ದಲವೆದ್ದಿತು. ಕುಳಿತಿದ್ದ ಬಸುರಿಯರೆಲ್ಲ ಎದ್ದು ನಿಂತಿದ್ದರು, ಹೊಟ್ಟೆ ಹಿಡಿದುಕೊಂಡು, ಬಾಯಿಗೆ ಬಂದದ್ದು ಅನ್ನುತ್ತ. ಅವ್ವ ನನ್ನನ್ನು ಅಪ್ಪಿಕೊಂಡು ನಿಂತಳು. ಅತ್ತೆ ಮಾತ್ರ ದನಿ ಏರಿಸಲಿಲ್ಲ.

“ಡಾಕ್ಟರ್ರ” ಎಂದರು, ಮ್ಯಾನೇಜರನ್ನು ಬಿಟ್ಟು ನೇರ ಅವರಿಗೇ. “ಉಡಿ ತುಂಬಿದ ಹೆಣ್ಣಮಗಳ್ನ ಆರತಿ ಆಗೂಮಟಾ ಎಬ್ಬಸಬಾರದು. ಇದು ನಿಮಗ ಗೊತ್ತೈತಿ. ಇಕಿ ಒಂದ ಕೂಸು ಇದ ಕಟ್ಟಡದಾಗ ಕಳಕೊಂಡಾಳ. ಈ ಕೂಸಿಗೆ ನಾ ಜಾಗಾ ಕೇಳಾಕ ಬಂದೀನಿ. ಬೇಕಾದ್ರ ನೀವ ಎಬ್ಬಸ್ರಿ. ನಿಮ್ಮ ಕೈಯಾಗ ಎಬ್ಬಸ್ರಿ, ಇವರೆಲ್ಲಾ ನೋಡ್ಲಿ.”

ಡಾಕ್ಟರು ಸುತ್ತ ನಿಂತ ಬಸುರಿಯರನ್ನು ನೋಡಿದರು. ಅವರಲ್ಲಿ ಒಬ್ಬೊಬ್ಬಳೂ ಒಂದೊಂದು ಊರು. ಕನಕಗಿರಿಯಿಂದ ತಾವರಗೇರಿಯವರೆಗೆ ಸಂಜೆಯೊಳಗೆ ಈ ಸುದ್ದಿ ಮುಟ್ಟುತ್ತದೆಂದು ಅವರಿಗೆ ಗೊತ್ತಿತ್ತು. ಅವರಿಗೆ ಕನಿಕರ ಬಂತೋ, ಭಯ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. “ಮುಗಿಸ್ರಿ ಯವ್ವಾ. ನಾ ಹಂಗ ನಿಂತ ಪೇಶಂಟ್ ನೋಡ್ತೀನಿ” ಎಂದು ಕೋಣೆಗೆ ಹೋದರು. ಬೇರೆ ಕುರ್ಚಿ ತರಿಸಿಕೊಳ್ಳಬಹುದಿತ್ತು, ತರಿಸಿಕೊಳ್ಳಲಿಲ್ಲ. ಮೇಜಿನ ಮೇಲೆ ಬಗ್ಗಿ ನಿಂತು ಒಬ್ಬೊಬ್ಬರನ್ನೇ ನೋಡತೊಡಗಿದರು.

ಅತ್ತೆ ಅವಸರ ಮಾಡಲಿಲ್ಲ. ಸೋಬಾನದ ಮೇಲೆ ಸೋಬಾನ ಹೇಳಿಸಿದರು. ಗೊತ್ತಿದ್ದ ಹಾಡು ಮುಗಿದಾಗ ಮೊದಲಿನದನ್ನೇ ತಿರುಗಿ ಹಿಡಿಸಿದರು. ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹೋಳಿಗೆಯನ್ನು ಬಂದವರಿಗೆಲ್ಲ ಹಂಚಿದರು. ಆರತಿಯಾಗುವಾಗ ಬಿಸಿಲು ನೆತ್ತಿಗೇರಿತ್ತು. ನಾನೇ ಎದ್ದು, ಬಳೆ ತೆಗೆದಿಟ್ಟು, ಕೈ ತೊಳೆದು, ಕುರ್ಚಿಯನ್ನು ಡಾಕ್ಟರ ಕೋಣೆಗೆ ತಳ್ಳಿಕೊಂಡು ಹೋದೆ. ಅವರು ಧೊಪ್ಪನೆ ಕುಳಿತು ಮೊಣಕಾಲು ನೀವಿಕೊಂಡರು.

“ಕಾಲ ಹಿಡಿದಾವು” ಎಂದರು, ತಮಗೆ ತಾವೇ ಹೇಳಿಕೊಂಡಂತೆ.

“ಹೌದ್ರಿ ಸರ್. ಹಿಡಿತಾವು” ಎಂದೆ.

ಮರುದಿನ ಪಡಸಾಲೆಯಲ್ಲಿ ಒಂದು ಕುರ್ಚಿ ಬಂದಿತ್ತು. ಮ್ಯಾನೇಜರ್ ಗೋಡೆ ನೋಡುತ್ತ ಹೇಳಿದರು: “ನಿಮಗೊಬ್ಬರಿಗೇರಿ. ಹಡಿಯೂಮಟಾ. ಬ್ಯಾರೇರು ಕುಂದರಂಗಿಲ್ಲ.”

ಸುಮ್ಮನೆ ಕುಳಿತುಬಿಡಬಹುದಿತ್ತು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು, ಎದೆಯಲ್ಲಿ ಹಳೆಯ ಹೆದರಿಕೆ. ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಹಗ್ಗದಂಥ ನರಗಳನ್ನು ಸೀರೆಯಲ್ಲಿ ಮುಚ್ಚಿಕೊಂಡು ಅವಳು ನಿಂತಿದ್ದಳು. ನಾನು ಹೆತ್ತ ಮೇಲೆ ಆ ಕುರ್ಚಿ ಮತ್ತೆ ಹೊರಗೆ ಹೋಗುತ್ತಿತ್ತು. ಮುಂದೆ ಬಸುರಿಯಾಗುವ ಇನ್ನೊಬ್ಬಳು ತನ್ನ ಅತ್ತೆಯನ್ನು ಕರೆತರಬೇಕಾಗುತ್ತಿತ್ತು. ಎಲ್ಲರಿಗೂ ನನ್ನ ಅತ್ತೆಯಂಥ ಅತ್ತೆ ಸಿಗುವುದಿಲ್ಲ.

“ನನಗೊಬ್ಬಾಕಿಗೆ ಬ್ಯಾಡ್ರಿ” ಎಂದೆ. ಗೋಡೆ ಹಿಡಿದುಕೊಂಡು ಮೆಲ್ಲಗೆ ಇಳಿದು, ನೆಲದ ಮೇಲೆ ಕುಳಿತೆ. ಕಾಲು ಉದ್ದಕ್ಕೆ ಚಾಚಿದೆ. “ಕುರ್ಚಿ ನಿಮ್ಮದು. ನೆಲಾ ಯಾರ ಅಪ್ಪಂದೂ ಅಲ್ಲ.”

ಜೊತೆಯವಳು ಒಂದು ಗಳಿಗೆ ಅನುಮಾನಿಸಿದಳು, ಆಮೇಲೆ ಬಂದು ಪಕ್ಕದಲ್ಲಿ ಕುಳಿತಳು. ಕಸಬರಿಗೆ ಬದಿಗಿಟ್ಟು ಆಯಾ ಕೂಡ ಬಂದಳು. ಕರೆದಾಗ ಏಳುವುದು, ಕೆಲಸ ಮುಗಿಸಿ ಬಂದು ನೆಲಕ್ಕೆ ಕೂಡುವುದು. ಕುರ್ಚಿ ಖಾಲಿ ಬಿದ್ದಿತ್ತು. ರೋಗಿಗಳ ಕಡೆಯವರಿಗೆ ಇದು ನೋಡಲಾಗಲಿಲ್ಲ. ‘ಹಡಿಸೂ ಸಿಸ್ಟರುಗಳು ನೆಲದ ಮ್ಯಾಲೆ ಕುಂತಾರಲ್ರೀ’ ಎಂದು ಹೋಗಿ ಹೋಗಿ ಡಾಕ್ಟರ ಮುಂದೆಯೇ ಹೇಳಿದರು. ಒಬ್ಬ ಮುದುಕಿ ತನ್ನ ಮೊಮ್ಮಗಳ ಮಂಚದ ಕಂಬಳಿಯನ್ನೇ ತಂದು ನಮಗೆ ಹಾಸಿದಳು. ಕುಳಿತರೆ ಚಂದ ಕಾಣುವುದಿಲ್ಲ ಎಂದಿದ್ದರಲ್ಲ, ಈಗ ಎಷ್ಟು ಚಂದ ಕಾಣುತ್ತಿದೆ ನೋಡಿಕೊಳ್ಳಲಿ ಎಂದು ನಾನು ಇನ್ನಷ್ಟು ಆರಾಮಾಗಿ ಕಾಲು ಚಾಚಿದೆ.

ವಾರ ಕಳೆಯುವುದರೊಳಗೆ ಪಡಸಾಲೆಗೆ ಕುರ್ಚಿಗಳು ಬಂದವು, ಆಯಾಳಿಗೆ ಸ್ಟೂಲು ಬಂತು. ನಾವು ಧನ್ಯವಾದ ಹೇಳಲಿಲ್ಲ. ನಮ್ಮದನ್ನೇ ನಮಗೆ ಕೊಟ್ಟರೆ ಧನ್ಯವಾದ ಎಂಥದು?

ದಿನ ತುಂಬಿ ನನಗೆ ಮಗಳು ಹುಟ್ಟಿದಳು, ಅದೇ ಹೆರಿಗೆ ಕೋಣೆಯಲ್ಲಿ, ಅದೇ ಡಾಕ್ಟರ ಕೈಯಲ್ಲಿ. ಅವಳು ಅತ್ತ ದನಿ ಕೇಳಿ ನಾನು ಹೋ ಎಂದು ಅತ್ತುಬಿಟ್ಟೆ. ಎಷ್ಟೋ ಹೆಂಗಸರಿಗೆ ‘ಅಳಬ್ಯಾಡವಾ’ ಎಂದು ಹೇಳಿದವಳು ನಾನು; ಅವತ್ತು ಯಾರು ಹೇಳಿದರೂ ಕೇಳಲಿಲ್ಲ. ಮರುದಿನ ಅತ್ತೆ ಪೇಢೆಯ ಡಬ್ಬಿ ಹಿಡಿದು ಎಲ್ಲರಿಗೂ ಹಂಚಿ, ಕೊನೆಗೆ ಮ್ಯಾನೇಜರ ಬಳಿ ಹೋದರು. ಆ ಮನುಷ್ಯ ಗೌರವಕ್ಕೆ ಎದ್ದು ನಿಂತರು. “ಕುಂತ ತಿನ್ರಿ” ಎಂದರು ಅತ್ತೆ, ಎರಡು ಪೇಢೆ ಹೆಚ್ಚೇ ಕೊಟ್ಟು.

ಬಾಣಂತನ ಮುಗಿಸಿ ನಾನು ಅಲ್ಲಿಗೇ ಮರಳಿದೆ. ಕೂಸನ್ನು ಹಗಲೆಲ್ಲ ಅತ್ತೆ ನೋಡಿಕೊಂಡರು, ನನ್ನನ್ನು ಸೊಕ್ಕಿನಾಕಿ ಎಂದು ಬೈಯುತ್ತಲೇ. ಮುಂದೆ ಕೆಲಸ ಕುಷ್ಟಗಿಗೆ, ಆಮೇಲೆ ಕೊಪ್ಪಳಕ್ಕೆ ಎಳೆದುಕೊಂಡು ಹೋಯಿತು. ಅತ್ತೆ ಈಗ ಇಲ್ಲ. ಮಗಳು ನನಗಿಂತ ಎತ್ತರ ಬೆಳೆದಿದ್ದಾಳೆ. ನನ್ನ ಕಾಲಲ್ಲೂ ಈಗ ನರಗಳು ಎದ್ದಿವೆ, ನಾನು ಅವನ್ನು ಮುಚ್ಚಿಕೊಳ್ಳುವುದಿಲ್ಲ.

ಮೊನ್ನೆ ಕೊಪ್ಪಳದಲ್ಲಿ, ಈಗ ನಾನಿರುವ ದವಾಖಾನೆಯಲ್ಲಿ, ಬಹಳ ತ್ರಾಸಿನ ಒಂದು ಹೆರಿಗೆ ಮುಗಿಯಿತು. ತಾಯಿ, ಕೂಸು ಇಬ್ಬರೂ ನಿದ್ದೆ ಹೋದ ಮೇಲೆ ನಾನು ಮತ್ತು ಹೊಸದಾಗಿ ಸೇರಿದ ನರ್ಸ್ ಬಂದು ಕುಳಿತೆವು. ಆ ಹುಡುಗಿ ಬೆಳಿಗ್ಗೆಯಿಂದ ನೀರು ಕೂಡ ಕುಡಿದಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆಯುತ್ತಿದ್ದಳು. ಎದುರಿಗೆ ಬಂದು ನಿಂತವನು ಆ ಬಾಣಂತಿಯ ಅಣ್ಣ. ಮೊಬೈಲನ್ನು ನಮ್ಮ ಮುಖಕ್ಕೆ ಹಿಡಿದು ಹೇಳತೊಡಗಿದ: “ನೋಡ್ರಿ ಎಲ್ಲಾರೂ. ಪೇಶಂಟ್ ಒಳಗ ಅದಾರ, ಸಿಸ್ಟರುಗಳು ಹೆಂಗ ಆರಾಮ ಕುಂತಾರ ನೋಡ್ರಿ.”

ಹುಡುಗಿ ಬಾಟಲಿ ಬಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತ, ಗಡಬಡಿಸಿ ಎದ್ದಳು. ನಾನು ಅವಳ ಮುಂಗೈ ಹಿಡಿದೆ.

“ತಗೀರಿ, ತಮ್ಮಾ. ಚೊಲೋತ್ನಾಗ ತಗೀರಿ” ಎಂದೆ ಅವನಿಗೆ, ಫೋನಿನ ಕಣ್ಣನ್ನೇ ನೋಡುತ್ತ. “ನಿಮ್ಮ ತಂಗೀನ ಹಡಿಸಿ, ಆಮ್ಯಾಲೆ ಕುಂತಾರ ಅಂತ ಅದನ್ನೂ ಹೇಳ್ರಿ.”

ಆಮೇಲೆ ಹುಡುಗಿಗೆ ಹೇಳಿದೆ: “ಏಳಬ್ಯಾಡವಾ. ಕುಂದ್ರು. ನೀರ ಕುಡಿ.”

ಫೋನು ಇನ್ನೂ ನಮ್ಮ ಮೇಲೇ ಇತ್ತು. ಅವಳು ಮುಖದ ಮೇಲಿನ ಸೆರಗು ತೆಗೆದು ಕುಳಿತಳು.